ಸೀಸೆಯೊಳಗಿನ ಚೇಳಿಲಿ

ಎಲ್ ಸೌಸಾಲ್, ಸೊನೋರಾ
ಏಪ್ರಿಲ್ ೨೮, ೨೦೧೪

ಚೆಮೋ,

ಚೇಳು ತಿನ್ನುವ ಆ ಇಲಿ ವಿಷವನ್ನೇ ಔಷಧಿ ಮಾಡಿಕೊಳ್ಳುತ್ತದೆ ಎಂದೆಯೋ, ನೋವನ್ನೇ ಔಷಧಿ ಮಾಡಿಕೊಳ್ಳುತ್ತದೆ ಎಂದೆಯೋ, ಈಗ ಸರಿಯಾಗಿ ನೆನಪಿಲ್ಲ. ಮಾರ್ಚಿನಲ್ಲಿ ನೀನು ರೇಡಿಯೋದಲ್ಲಿ ಮಾತಾಡಿದಾಗ ನಾನು ಗೋಧಿ ರೊಟ್ಟಿಯನ್ನು ಕೈಯಿಂದ ಕೈಗೆ ಹಾಯಿಸಿ ಅಗಲ ಮಾಡುತ್ತಿದ್ದೆ. ನಿನ್ನ ದನಿ ಕೇಳಿ ಒಂದು ರೊಟ್ಟಿ ಹರಿದುಹೋಯಿತು. ಆ ಮಾತು ಯಾವುದೇ ಆಗಿರಲಿ, ಕಳೆದ ಗುರುವಾರ ಅದನ್ನು ಮೂರು ವರ್ಷದ ಮಗುವೊಂದಕ್ಕೆ ಕುಡಿಸಿದರು.

ಮಗು ನಿಯೆವೆಸ್‌ಳದು. ನಮ್ಮ ಹಿಂದಿನ ಬೀದಿಯ ನಿಯೆವೆಸ್. ಮಗಳ ಹೆಸರು ಬ್ರಿಸೇಯ್ದಾ. ಮಧ್ಯಾಹ್ನ ಎರಡು ಗಂಟೆಗೆ ಒಗೆದು ಮಡಿಸಿಟ್ಟ ಬಟ್ಟೆಯೊಳಗೆ ಕೈ ಹಾಕಿದ್ದಾಳೆ, ಗೋಧಿ ಬಣ್ಣದ ಚೇಳು ಕುಟುಕಿದೆ. ಆಸ್ಪತ್ರೆ ಎರಡು ಬೀದಿ ಆಚೆ. ಡಾಕ್ಟರು ಶುಕ್ರವಾರ ಮಾತ್ರ ಬರುವುದು ನಿಜ. ಆದರೆ ನಾನು ದಿನವೂ ಇರುತ್ತೇನೆ, ಬೀರುವಿನಲ್ಲಿ ಮದ್ದು ಇರುತ್ತದೆ, ಸೂಜಿ ಹಾಕಲು ನನಗೆ ಕಲಿಸಿದ್ದಾರೆ. ಅವರು ಬಂದದ್ದು ಐದು ಗಂಟೆಗೆ. ಮೂರು ಗಂಟೆಯ ಕಾಲ ಅವರು ಏನು ಮಾಡುತ್ತಿದ್ದರು ಗೊತ್ತೆ? ಬಾಕಾನೋರಾದಲ್ಲಿ ನೆನೆಹಾಕಿದ ಚೇಳಿಲಿಯನ್ನು ಹಿಂಡಿ ಕೈಗೆ ಹಚ್ಚುತ್ತಿದ್ದರು. ಅದೇ ಸಾರಾಯಿಯನ್ನು ಚಮಚದಲ್ಲಿ ಬಾಯಿಗೆ ಬಿಡುತ್ತಿದ್ದರು.

ಮಗುವಿನ ಕಣ್ಣುಗುಡ್ಡೆಗಳು ತಮ್ಮಷ್ಟಕ್ಕೆ ಸುತ್ತುತ್ತಿದ್ದವು. ಜೊಲ್ಲು ನಿಲ್ಲುತ್ತಿರಲಿಲ್ಲ. ಮೂರು ಸೀಸೆ ಮದ್ದು ಕರಗಿಸಿ ಹಾಕಿದೆ. ಆಮೇಲೆ ನಗರದ ಆಸ್ಪತ್ರೆಯಲ್ಲಿ ಎರಡು ದಿನ ಯಂತ್ರ ಅವಳ ಬದಲು ಉಸಿರಾಡಿತು. ಬದುಕಿದ್ದಾಳೆ. ದನಿ ಮಾತ್ರ ಮುದುಕಿಯ ದನಿಯಾಗಿದೆ.

ನಿಯೆವೆಸ್‌ಳ ಅತ್ತೆ ದೋನ್ಯಾ ತಾಚಾ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನಗೇ ಬುದ್ಧಿ ಹೇಳಿದಳು: "ಅಳ್ತೀಯಾ ಯಾಕಮ್ಮಾ? ನಿನ್ನ ತಮ್ಮನೇ ಹೇಳಿದ್ದಲ್ವಾ, ಆ ಇಲಿ ಚೇಳು ಕುಟುಕಿದ್ರೆ ಮುಖ ತೊಳ್ಕೊಂಡು ಹೋಗ್ತಾ ಇರತ್ತೆ ಅಂತ. ಅಷ್ಟು ಓದಿರೋನು ಸುಳ್ಳು ಹೇಳ್ತಾನಾ?"

ನಾನು ಅಳುತ್ತಿರಲಿಲ್ಲ. ಕೋಪ ಬಂದಾಗ ನನ್ನ ಕಣ್ಣು ಹಾಗೆ ಆಗುತ್ತದೆ, ನಿನಗೆ ಗೊತ್ತು.

ಈಗ ಊರಿನ ಹನ್ನೆರಡು ಮನೆಗಳಲ್ಲಾದರೂ ಅಂಥ ಸೀಸೆ ಇದೆ. ಸೆಕೆ ಇನ್ನೂ ಶುರುವಾಗಿಲ್ಲ. ಮಳೆಗೆ ಮುಂಚಿನ ಎರಡು ತಿಂಗಳು ಚೇಳುಗಳು ಗೋಡೆಯ ಮೇಲೆ ಹೇಗೆ ನಡೆಯುತ್ತವೆಂದು ನಿನಗೆ ಬರೆದು ತಿಳಿಸಬೇಕಾಗಿಲ್ಲ. ಜೂನ್ ೨೪ಕ್ಕೆ, ಸಂತ ಜುವಾನನ ದಿನ, ಊರೆಲ್ಲ ನದಿಗೆ ಇಳಿಯುತ್ತದೆ. ಅಂದು ಬಾ. ಎಲ್ಲರೆದುರು ನಿಂತು, ಇದು ಔಷಧಿಯಲ್ಲ ಎಂದು ನಿನ್ನ ಬಾಯಿಂದಲೇ ಹೇಳು. ಅಂಗಡಿಯ ಫೋನಿಗೆ ಕರೆ ಮಾಡಬೇಡ. ಅಲ್ಲಿ ನಾನೊಬ್ಬಳೇ ಕೇಳುವುದಿಲ್ಲ.

ಒಬ್ದೂಲಿಯಾ


ಹೆರ್ಮೊಸಿಯೊ
ಮೇ ೯

ಅಕ್ಕಾ,

ಮಗು ಬದುಕಿದ್ದು ತಿಳಿದು ನೆಮ್ಮದಿಯಾಯಿತು. ಉಳಿದ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಸಿಟ್ಟು ಬಂತು.

ನಾನು ಹೇಳಿದ ಮಾತು ಇಷ್ಟು: ಆ ಚೇಳಿನ ವಿಷ ಈ ಇಲಿಯ ನೋವಿನ ನರಕ್ಕೆ ಬಂದಾಗ, ಅಲ್ಲಿನ ಒಂದು ಸಣ್ಣ ಬಾಗಿಲಿಗೆ ಅಂಟಿಕೊಂಡು ಅದನ್ನು ಮುಚ್ಚಿಬಿಡುತ್ತದೆ. ಸುದ್ದಿ ಮಿದುಳಿಗೆ ಹೋಗುವುದೇ ಇಲ್ಲ. ನಮ್ಮಲ್ಲಿ ಅದೇ ವಿಷ ಅಂಥದೇ ಬಾಗಿಲನ್ನು ತೆರೆದು ಹಿಡಿಯುತ್ತದೆ. ಬಾಗಿಲಿನ ಚೌಕಟ್ಟಿನಲ್ಲಿ ಒಂದೆರಡು ಕಡೆ ವ್ಯತ್ಯಾಸ, ಅಷ್ಟೆ. ಇಲಿಯ ಮಾಂಸದಲ್ಲಿ, ರಕ್ತದಲ್ಲಿ ಹಿಂಡಿ ತೆಗೆಯುವಂಥದ್ದು ಏನೂ ಇಲ್ಲ. ಕುರುಡನೊಬ್ಬ ಹದ್ದಿನ ಕಣ್ಣು ತಿಂದರೆ ಅವನಿಗೆ ಕಾಣುತ್ತದೆಯೇ?

ಅದಕ್ಕೆ ನೋವಿಲ್ಲವೆಂದೂ ನಾನು ಹೇಳಲಿಲ್ಲ. ಅದರ ಪಾದಕ್ಕೆ ಬೇರೆ ಸುಡುವ ದ್ರವ ತಾಗಿಸಿದರೆ ಬಹಳ ಹೊತ್ತು ನೆಕ್ಕಿಕೊಳ್ಳುತ್ತ ಕೂರುತ್ತದೆ. ಒಂದು ನೋವನ್ನು ಮಾತ್ರ ಅದು ದಾಟಿದೆ, ಏಕೆಂದರೆ ಹಸಿವು ಅದನ್ನು ಆ ದಾರಿಯಲ್ಲೇ ಓಡಿಸಿತು. ಬೀಜವಿಲ್ಲದ ಮರಳಿನಲ್ಲಿ ಬದುಕಬೇಕಾದ ಇಲಿ ಬೇಟೆ ಕಲಿಯಿತು. ಗಬ್ಬುನಾತ ಚಿಮ್ಮಿಸುವ ಕಪ್ಪು ಜೀರುಂಡೆ ಸಿಕ್ಕರೆ ಅದರ ಹಿಂಭಾಗವನ್ನು ಮರಳಿಗೆ ಒತ್ತಿ ಹಿಡಿದು ತಲೆಯ ಕಡೆಯಿಂದ ತಿನ್ನುತ್ತದೆ. ಇದನ್ನು ಮೊದಲು ನನಗೆ ತೋರಿಸಿದವಳು ನೀನು. ಆಗ ನನಗೆ ಎಂಟು ವರ್ಷ.

ನಾನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ತಪ್ಪೊಪ್ಪಿಕೊಳ್ಳಲು ನದಿಗೆ ಏಕೆ ಬರಲಿ? ಅಪ್ಪನ ನಾಟಿ ಮದ್ದಿನ ಸೀಸೆಯಲ್ಲಿ ಚೇಳು ತೇಲುತ್ತಿತ್ತು. ಕುಟುಕಿಸಿಕೊಂಡವರೆಲ್ಲ ನಮ್ಮ ಅಂಗಳಕ್ಕೆ ಬರುತ್ತಿದ್ದರು. ನನ್ನನ್ನು ಆ ಜನರ ಮುಂದೆ ನಿಲ್ಲಿಸಿದರೆ ನಾನು ಏನೇ ಅಂದರೂ ಅವರಿಗೆ ಕಾಣುವುದು ಆ ಸೀಸೆಯ ವಾರಸುದಾರ. ಅವರು ರೇಡಿಯೋದಲ್ಲಿ ಕೇಳಿದ್ದೂ ಅವನನ್ನೇ ಎಂದು ಈಗ ಅನ್ನಿಸುತ್ತದೆ.

ಚಿತ್ರವಿರುವ ಕರಪತ್ರ ಅಚ್ಚು ಹಾಕಿಸುತ್ತಿದ್ದೇನೆ. ಇನ್ನೂರು ಪ್ರತಿ ಬಸ್ಸಿನಲ್ಲಿ ಬರುತ್ತವೆ, ಹಂಚು.

ಒಂದು ಪ್ರಶ್ನೆ. ಚೇಳಿಲಿ ಮನೆಯ ಇಲಿಯಲ್ಲ. ಒಂದು ಜೋಡಿಗೆ ಒಂದು ಬಯಲೇ ಬೇಕು. ಓಟ್ಸ್ ಇಟ್ಟರೆ ಬೋನಿಗೆ ಬೀಳುವುದೂ ಇಲ್ಲ, ಮಾಂಸ ಇಡಬೇಕು. ಅದನ್ನು ಹಿಡಿಯಬಲ್ಲವರು ಆ ಊರಿನಲ್ಲಿ ಎಷ್ಟು ಮಂದಿ? ನಿಯೆವೆಸ್‌ಳಿಗೆ ಮೊದಲ ಇಲಿ ಎಲ್ಲಿಂದ ಬಂತು?

ನಿನ್ನ ತಮ್ಮ,
ಅನ್ಸೆಲ್ಮೋ


ಎಲ್ ಸೌಸಾಲ್
ಮೇ ೩೦

ಚೆಮೋ,

ನಿನ್ನ ಕರಪತ್ರಗಳು ಬಂದವು. ತುಂಬಾ ಚೆನ್ನಾಗಿವೆ. ಅದೇ ತೊಂದರೆ.

ಹಿಂಗಾಲಿನ ಮೇಲೆ ನಿಂತು, ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು ಊಳಿಡುತ್ತಿರುವ ಇಲಿ. ಹಿಂದೆ ಕೆಂಪು ಆಕಾಶ. ಹೀಗೆ ನಿಂತ ಯಾರನ್ನಾದರೂ ನಮ್ಮವರು ಚರ್ಚಿನಲ್ಲಲ್ಲದೆ ಎಲ್ಲಿ ನೋಡಿದ್ದಾರೆ? ಕೆಳಗೆ ನೀನು ಬರೆದ ಹದಿನಾಲ್ಕು ಸಾಲುಗಳನ್ನು ಕತ್ತರಿಸಿ ಎಸೆದರು. ಚಿತ್ರವನ್ನು ತೊಟ್ಟಿಲಿನ ಮೇಲೆ ಅಂಟಿಸಿದರು. ನಾನು ಎಣಿಸಿದ ಹಾಗೆ ಮೂವತ್ತೊಂದು ಮನೆ. ಅಂಗಡಿಯವನು ಸಂತ ಯೂದನ ಪಟದ ಪಕ್ಕದಲ್ಲೇ ಅಂಟಿಸಿ, ಎರಡಕ್ಕೂ ಸೇರಿಸಿ ಒಂದೇ ಮೇಣದಬತ್ತಿ ಹಚ್ಚಿದ್ದಾನೆ. ಬತ್ತಿ ದುಬಾರಿಯಂತೆ.

ದೋನ್ಯಾ ತಾಚಾಳ ಮನೆಗೆ ಹೋಗಿ ಕೇಳಿದೆ. ಅವಳು ಅವರೆಕಾಳು ಆರಿಸುತ್ತಿದ್ದಳು.

"ದೋನ್ಯಾ ತಾಚಾ, ಇದರ ಕೆಳಗೆ 'ಔಷಧಿಯಲ್ಲ' ಅಂತ ದೊಡ್ಡಕ್ಷರದಲ್ಲಿ ಬರೆದಿತ್ತು."

"ಬರ್ದಿರತ್ತೆ ಬಿಡಮ್ಮಾ. ಸಿಗರೇಟು ಪ್ಯಾಕಿನ ಮೇಲೂ ಬರ್ದಿರತ್ತೆ. ನಿಮ್ಮಪ್ಪ ಬಿಟ್ನಾ?"

"ಇದು ಬೇರೆ."

"ಏನು ಬೇರೆ? ಬೇಡ ಅನ್ನೋದಕ್ಕೆ ಯಾರಾದ್ರೂ ಇಷ್ಟು ಚಂದದ ಪಟ ಹಾಕ್ತಾರಾ? ಬೇಡ ಅಂದ್ರೆ ತಲೆಬುರುಡೆ ಹಾಕ್ತಾರೆ. ಅಷ್ಟೂ ಗೊತ್ತಾಗಲ್ವಾ ನಿನ್ನ ತಮ್ಮಂಗೆ?"

ನಾನು ಎದ್ದು ನಿಂತೆ. ಬ್ರಿಸೇಯ್ದಾ ಬಾಗಿಲಲ್ಲಿ ಕೂತು ತನ್ನ ಆ ಗೊಗ್ಗರು ದನಿಯಲ್ಲಿ ಬೆಕ್ಕನ್ನು ಕರೆಯುತ್ತಿದ್ದಳು. ಬೆಕ್ಕು ತಿರುಗಿ ನೋಡಿ ಸುಮ್ಮನಾಯಿತು, ಯಾರೋ ಅಪರಿಚಿತರು ಕರೆದ ಹಾಗೆ.

ನಿಜ ಹೇಳಬೇಕೆಂದರೆ ದೋನ್ಯಾ ತಾಚಾ ಸರಿಯಾಗಿಯೇ ಹೇಳಿದಳು. ನೀನು ಆ ಪ್ರಾಣಿಯನ್ನು ಪ್ರೀತಿಯಿಂದ ನೋಡಿದ್ದೀಯ, ಚಿತ್ರದಲ್ಲಿ ಅದು ಕಾಣುತ್ತದೆ. ಕೆಳಗಿನ ಸಾಲುಗಳಲ್ಲಿ ನಮ್ಮನ್ನು ಗದರಿಸಿದ್ದೀಯ, ಅದೂ ಕಾಣುತ್ತದೆ. ಜನ ಎರಡನ್ನೂ ಸರಿಯಾಗಿ ಓದಿಕೊಂಡರು.

ಈ ವಾರ ಮತ್ತಿಬ್ಬರಿಗೆ ಕುಟುಕಿದೆ. ಒಬ್ಬ ದೊಡ್ಡವನು, ಒದ್ದಾಡಿ ತಾನೇ ಚೇತರಿಸಿಕೊಂಡ. ಸೀಸೆಯಿಂದಲೇ ವಾಸಿಯಾಯಿತೆಂದು ಊರೆಲ್ಲ ಸಾರುತ್ತಿದ್ದಾನೆ. ಇನ್ನೊಂದು ಮಗು ನಾಲ್ಕು ಗಂಟೆ ತಡವಾಗಿ ಬಂತು, ಹೇಗೋ ಉಳಿಸಿಕೊಂಡೆ.

ಇಲಿ ಯಾರು ಕೊಟ್ಟರೆಂದು ಕೇಳಿದ್ದೀಯ. ಅದು ಈಗ ಮುಖ್ಯವಲ್ಲ. ನೀನು ಬರುವುದು ಮುಖ್ಯ.

ಒಬ್ದೂಲಿಯಾ


ಹೆರ್ಮೊಸಿಯೊ
ಜೂನ್ ೮

ಅಕ್ಕಾ,

ಅದೇ ಮುಖ್ಯ.

ಮಾರ್ಚ್ ಕೊನೆಗೆ ನೀನು ಬಸ್ಸಿನಲ್ಲಿ ಕಳಿಸಿದ ಇಲಿಗಳ ಪಟ್ಟಿಯನ್ನು ಹುಡುಕಿ ತೆಗೆದೆ. ಆರು ಡಬ್ಬಿ, ಐದು ಇಲಿ. ನಿನ್ನ ಚೀಟಿಯಲ್ಲಿ ಹೀಗಿದೆ: 'ಎರಡನ್ನು ಒಂದರಲ್ಲಿ ಹಾಕಿದ್ದೆ, ಒಂದು ಇನ್ನೊಂದನ್ನು ತಿಂದಿತು.' ಅಂದು ನಾನು ಅದನ್ನು ಓದಿ ನಕ್ಕು ಮಡಿಸಿಟ್ಟೆ. ಇಂದು ನಗು ಬರಲಿಲ್ಲ.

ಹನ್ನೊಂದು ವರ್ಷಗಳಿಂದ ನೀನು ನನಗೆ ಇಲಿ ಹಿಡಿದು ಕೊಡುತ್ತಿದ್ದೀಯ. ಒಂದು ಸಲವೂ ಎರಡನ್ನು ಒಂದೇ ಡಬ್ಬಿಯಲ್ಲಿ ಹಾಕಿದವಳಲ್ಲ. ನನ್ನ ವಿದ್ಯಾರ್ಥಿಗಳು ಹಾಕಿದ್ದಾರೆ, ನಾನೇ ಒಮ್ಮೆ ಹಾಕಿದ್ದೇನೆ, ನೀನಲ್ಲ. ಇನ್ನೊಂದು ಮಾತು. ಅದು ತನ್ನ ಜಾತಿಯದನ್ನು ತಿಂದಾಗ ತಲೆಯಿಂದ ಶುರುಮಾಡುತ್ತದೆ. ಬಾಲ ಉಳಿಯುತ್ತದೆ, ತೊಗಲಿನ ಚೂರು ಉಳಿಯುತ್ತದೆ. ಆರನೆಯ ಡಬ್ಬಿಯಲ್ಲಿ ಒಣ ಹತ್ತಿ ಮಾತ್ರ ಇತ್ತು ಎಂದು ಬಿಚ್ಚಿದವನು ಪಟ್ಟಿಯ ಅಂಚಿನಲ್ಲಿ ಬರೆದಿದ್ದಾನೆ.

ನನ್ನ ಮಾತನ್ನು ಜನ ಕುಡಿಸಿದರು ಎಂದೆ ನೀನು. ಕುಡಿಸಿದ್ದು ನಿನ್ನ ಇಲಿಯನ್ನು. ನನ್ನನ್ನು ನದಿಯ ಮಧ್ಯೆ ನಿಲ್ಲಿಸಿ ಯಾರ ತಪ್ಪನ್ನು ಒಪ್ಪಿಸಲು ಹೊರಟಿದ್ದೆ? ಕೊನೆಗೆ ಆ ಬಡಪ್ರಾಣಿಯ ಮೇಲೂ ಕೊಲೆಯ ಅಪವಾದ ಹೊರಿಸಿದೆ.

ನಾನು ಬರುವುದಿಲ್ಲ.

ಅನ್ಸೆಲ್ಮೋ


ಎಲ್ ಸೌಸಾಲ್
ಜೂನ್ ೧೭

ಚೆಮೋ,

ಹೌದು, ನಾನೇ ಕೊಟ್ಟೆ.

ಹೇಗೆಂದು ಹೇಳುತ್ತೇನೆ, ಆಮೇಲೆ ನಿನಗೆ ತೋಚಿದ್ದು ಅಂದುಕೋ. ನಿನ್ನ ಮಾತು ರೇಡಿಯೋದಲ್ಲಿ ಬಂದ ನಾಲ್ಕನೆಯ ದಿನ ನಿಯೆವೆಸ್ ಬಂದಳು. ನಾನು ಡಬ್ಬಿಗಳಿಗೆ ಹತ್ತಿ ತುಂಬುತ್ತಿದ್ದೆ.

"ಅಕ್ಕಾ, ಒಂದು ಕೊಡಿ ನಂಗೆ."

"ಏನು ಮಾಡ್ತೀಯಾ?"

"ಮನೇಲಿ ಬಿಟ್ಕೋತೀನಿ. ಚೇಳು ತಿನ್ನತ್ತಲ್ಲ. ನಿಮ್ಮ ತಮ್ಮ ಹೇಳಿದ್ದು ನಿಜ ತಾನೆ?"

ಆಗ ನಾನು ಹೇಳಬಹುದಾಗಿತ್ತು: ಮನೆಯಲ್ಲಿ ಬಿಟ್ಟರೆ ಅದು ಒಂದು ದಿನವೂ ನಿಲ್ಲುವುದಿಲ್ಲ, ಪೆಟ್ಟಿಗೆಯಲ್ಲಿಟ್ಟರೆ ನಿನ್ನ ಗೋಡೆಯ ಚೇಳುಗಳಿಗೂ ಅದಕ್ಕೂ ಭೇಟಿಯೇ ಆಗುವುದಿಲ್ಲ ಎಂದು. ಅದು ನನಗೆ ಗೊತ್ತಿತ್ತು. ಆದರೆ ಅವಳು 'ನಿಮ್ಮ ತಮ್ಮ' ಎಂದಳು. ಅಪ್ಪನ ಮಣ್ಣಿಗೆ ಬಂದವನು ಊಟಕ್ಕೂ ಕೂರದೆ ಹೊರಟ ಮೇಲೆ ಆರು ವರ್ಷಗಳಿಂದ ಈ ಊರಿನಲ್ಲಿ ಯಾರೂ ನಿನ್ನ ಹೆಸರನ್ನು ನನ್ನೆದುರು ಎತ್ತಿರಲಿಲ್ಲ. ಆ ವಾರ ಎಲ್ಲರೂ ಎತ್ತಿದರು. ಅಂಗಡಿಗೆ ರೊಟ್ಟಿ ಕೊಳ್ಳಲು ಬಂದವರು, ಎಣ್ಣೆ ಕೊಳ್ಳಲು ಬಂದವರು. ನಾನು ನಿಯೆವೆಸ್‌ಳಿಗೆ ಏನೆಂದೆ ಗೊತ್ತೆ? "ನನ್ನ ತಮ್ಮ ಸುಳ್ಳು ಹೇಳೋನಲ್ಲ" ಎಂದೆ. ಆರನೆಯ ಡಬ್ಬಿಯನ್ನು ತೆರೆದು ಅವಳ ಏಪ್ರನ್ನಿಗೆ ಹಾಕಿದೆ.

ಅದು ಎರಡು ದಿನದಲ್ಲಿ ಸತ್ತಿದೆ. ಸತ್ತದ್ದನ್ನು ವ್ಯರ್ಥ ಮಾಡುವುದು ಬೇಡವೆಂದು ದೋನ್ಯಾ ತಾಚಾ ಸೀಸೆಗೆ ಹಾಕಿದ್ದಾಳೆ, ಅಪ್ಪ ಚೇಳನ್ನು ಹಾಕುತ್ತಿದ್ದ ಹಾಗೆ. ಮಿಕ್ಕ ಮನೆಗಳವರು ಮಾಂಸದ ಚೂರಿಟ್ಟು ಹಿಡಿಯುವುದನ್ನು ನನ್ನ ಬೇಲಿಯಾಚೆ ನಿಂತು ನೋಡಿಯೇ ಕಲಿತರು.

ನಿನಗೆ ಸುಳ್ಳು ಬರೆದೆ, ನಾಚಿಕೆಯಾಗಿತ್ತು. ಮಗು ಆ ಸ್ಥಿತಿಯಲ್ಲಿ ಬಂದ ದಿನ ನಾಚಿಕೆ ಕೋಪವಾಯಿತು. ಸೂಜಿಗೆ ಮದ್ದು ಎಳೆಯುವಾಗ ಕೈ ನಡುಗದಿರಲೆಂದು ನಿನ್ನ ಮೇಲೆ ಕೋಪ ಮಾಡಿಕೊಂಡೆ. ಅದು ಕೆಲಸಕ್ಕೆ ಬಂತು. ಆಮೇಲೆ ಬಿಡಲು ಆಗಲಿಲ್ಲ.

ಆದರೂ ಹೇಳುತ್ತೇನೆ. ನೀನು ಸತ್ಯ ಹೇಳಿ ಬಾಗಿಲು ಹಾಕಿಕೊಂಡು ಕೂತಿದ್ದೀಯ, ಯಾರಿಗೆ ಏನು ಕೇಳಿಸಿತು ಎಂಬುದು ನಿನ್ನ ಕೆಲಸವಲ್ಲ ಎನ್ನುವ ಹಾಗೆ. ಇದಕ್ಕೆ ನನ್ನ ತಪ್ಪು ಸಮಜಾಯಿಷಿಯಾಗುವುದಿಲ್ಲ.

ನೀನು ಬಾರದಿದ್ದರೆ ನಾನೇ ನಿಲ್ಲುತ್ತೇನೆ. ನಾನು ಕೊಟ್ಟೆ, ತಪ್ಪು ಮಾಡಿದೆ, ಅದು ಔಷಧಿಯಲ್ಲ ಎಂದು ಎಲ್ಲರೆದುರು ಹೇಳುತ್ತೇನೆ. ಡಾಕ್ಟರಿಗೆ ತಿಳಿದರೆ ಆಸ್ಪತ್ರೆಯ ಬೀಗದ ಕೈ ಹೋಗುತ್ತದೆ. ಹೋಗಲಿ.

ಇನ್ನು ಏಳು ದಿನ ಇದೆ. ಬಸ್ಸು ಬೆಳಿಗ್ಗೆ ಹತ್ತಕ್ಕೇ ಬರುವುದು, ಬದಲಾಗಿಲ್ಲ.

ಅಕ್ಕ


ಎಲ್ ಸೌಸಾಲ್
ಜುಲೈ ೩

ಚೆಮೋ,

ನೀನು ಬರಲಿಲ್ಲ. ಪತ್ರವೂ ಬರಲಿಲ್ಲ. ಹತ್ತರ ಬಸ್ಸಿನಿಂದ ಇಳಿದವರು ಇಬ್ಬರು: ಐಸ್ ಮಾರುವವನು, ಡೋಲಿನಷ್ಟು ದೊಡ್ಡ ಕಲ್ಲಂಗಡಿ ಹೊತ್ತ ಒಬ್ಬ ಮುದುಕ.

ನದಿಯಲ್ಲಿ ನೀರು ಮೊಣಕಾಲಿನವರೆಗೆ. ಎಲ್ಲರೂ ಒಬ್ಬರಿಗೊಬ್ಬರು ಬಕೆಟ್ಟಿನಲ್ಲಿ ಸುರಿದುಕೊಳ್ಳುತ್ತಿದ್ದರು. ನಾನು ಮದ್ದಿನ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಒಂದು ಬಂಡೆಯ ಮೇಲೆ ನಿಂತೆ. ಯಾರೋ ನನ್ನ ಮೇಲೂ ನೀರು ಎರಚಿದರು. ಆ ತೊಯ್ದ ಬಟ್ಟೆಯಲ್ಲೇ ಹೇಳಿದೆ. ನಿನಗೆ ಬರೆದದ್ದನ್ನೆಲ್ಲ ಹೇಳಿದೆ, ಡಬ್ಬಿಯ ಸುಳ್ಳಿನ ಸಮೇತ.

ಬಕೆಟ್ಟುಗಳನ್ನು ಕೆಳಗಿಟ್ಟರು. ಆಮೇಲೆ ಹಿಂದಿನಿಂದ ಒಂದು ಹೆಂಗಸಿನ ದನಿ: "ಅಂದ್ರೆ ನಿಯೆವೆಸ್ ಇಲಿ ಆಸ್ಪತ್ರೆಯಿಂದ್ಲೇ ಬಂದಿದ್ದು! ಅದಕ್ಕೇ ಮಗು ಬದುಕ್ತು. ನಾವೇ ಹಿಡಿದಿದ್ದು ಯಾವ್ದೋ ಬೀದಿ ಇಲಿ."

"ನಂಗೂ ಒಂದು ಕೊಡಮ್ಮಾ ಒಬ್ದೂಲಿಯಾ!"

"ನಂಗೆ ಎರಡು. ನಮ್ಮನೇಲಿ ಅವಳಿ ಜವಳಿ."

ನಿಯೆವೆಸ್ ಮಾತ್ರ ನೀರಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಬ್ರಿಸೇಯ್ದಾಳನ್ನು ಸೊಂಟದಲ್ಲಿ ಇನ್ನೊಂದು ಬದಿಗೆ ಬದಲಿಸಿಕೊಂಡಳು, ಅಷ್ಟೆ.

ಬಂಡೆಯಿಂದ ಇಳಿಯುವ ಮೊದಲೇ ಮೆಸ್ಕೀತ್ ಮರದ ಕಡೆಯಿಂದ ಕೂಗು ಕೇಳಿತು. ಅಂಗಡಿಯವನ ಮಗಳು ಎಲೋದಿಯಾಳ ಕೂಸು, ಹನ್ನೊಂದು ತಿಂಗಳದು. ಮಡಿಸಿದ ಕಂಬಳಿಯ ಮೇಲೆ ಮಲಗಿಸಿದ್ದಳು, ಮಡಿಕೆಯಲ್ಲಿ ಚೇಳು ಇತ್ತು. ನಾನು ಓಡಿದೆ. ಎಲೋದಿಯಾ ಕೂಸನ್ನು ಎದೆಗೆ ಅವುಚಿಕೊಂಡು ಹಿಂದೆ ಹಿಂದೆ ಸರಿದಳು.

"ಸೂಜಿ ಆಮೇಲೆ. ಮೊದ್ಲು ಆ ಇಲಿ ಸಾರಾಯಿ ಹಾಕಿ."

"ಎಲೋದಿಯಾ, ಈಗಷ್ಟೇ ನಾನು ಹೇಳಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ನೀವು ಕೊಟ್ಟಿದ್ದು ಅಂತ ಕೇಳಿಸ್ತು. ನೀವೇ ಹಾಕಿ, ನಿಮ್ಮ ಕೈಯಿಂದ. ಇಲ್ದಿದ್ರೆ ಕೊಡಲ್ಲ ನಾನು."

ದೋನ್ಯಾ ತಾಚಾ ಆಗಲೇ ಸೀಸೆ ಹಿಡಿದು ನಿಂತಿದ್ದಳು. ನದಿಗೆ ಬರುವಾಗಲೂ ಚೀಲದಲ್ಲಿಟ್ಟು ತಂದಿದ್ದಾಳೆ. ಕೂಸಿನ ಬಾಯಿಂದ ನೊರೆ ಶುರುವಾಗಿತ್ತು. ವಾದ ಮಾಡುವಷ್ಟು ಹೊತ್ತು ಇರಲಿಲ್ಲ, ಚೆಮೋ. ನಿನಗೆ ವಾದಕ್ಕೆ ಯಾವಾಗಲೂ ಹೊತ್ತು ಇರುತ್ತದೆ.

"ಕುಡಿಸಲ್ಲ. ಹಚ್ತೀನಿ," ಎಂದೆ.

ಸೀಸೆಯ ಬಿರಡೆ ತೆಗೆದು ಅಂಗೈಗೆ ಸುರಿದುಕೊಂಡೆ. ಸಾರಾಯಿಯ ಜೊತೆ ಒಂದೆರಡು ಬೂದು ಕೂದಲು ಬಂದವು. ಎಲ್ಲರೂ ನೋಡುತ್ತಿದ್ದಂತೆ ಚೇಳು ಕುಟುಕಿದ ಆ ಪುಟ್ಟ ಪಾದಕ್ಕೆ ಹಚ್ಚಿದೆ. ಆಗ ಎಲೋದಿಯಾ ಕೂಸನ್ನು ನನ್ನ ಮಡಿಲಿಗೆ ಕೊಟ್ಟಳು. ಪುಡಿಯನ್ನು ಕರಗಿಸಿ, ನರ ಹುಡುಕಿ, ಸೂಜಿ ಹಾಕಿದೆ. ಅರ್ಧ ಗಂಟೆಯಲ್ಲಿ ಕತ್ತು ಸಡಿಲವಾಯಿತು. ಒಂದು ಗಂಟೆಗೆ ಹಾಲು ಕುಡಿಯಿತು.

"ನೋಡಿದ್ರಾ? ಹೆಂಗೆ ಎಳೆದು ತಂದ್ಬಿಡ್ತು ಇಲಿ!" ಎಂದಳು ದೋನ್ಯಾ ತಾಚಾ. ಬ್ಯಾಂಡಿನವರು ಮತ್ತೆ ಬಾರಿಸಲು ಶುರು ಮಾಡಿದರು.

ಮರುದಿನ ಅವಳು ಆಸ್ಪತ್ರೆಗೆ ಬಂದು ಸೀಸೆಯನ್ನು ಬೀರುವಿನಲ್ಲಿ, ಮದ್ದಿನ ಪಕ್ಕದಲ್ಲೇ ಇಟ್ಟಳು. "ಇಲ್ಲೇ ಇರ್ಲಿ ಕಣಮ್ಮಾ. ನಿನ್ನ ಕೈಗೇ ಒಗ್ಗೋದು ಇದು." ತೆಗೆದುಕೊಂಡು ಹೋಗು ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳು ಹೊರಟುಹೋಗಿದ್ದಳು.

ಈಗ ಕೇಳು. ಅಂದಿನಿಂದ ಇಂದಿನವರೆಗೆ ಐದು ಮಕ್ಕಳಿಗೆ ಕುಟುಕಿದೆ. ಐವರೂ ಹತ್ತು ನಿಮಿಷದೊಳಗೆ ನನ್ನ ಬಾಗಿಲಲ್ಲಿದ್ದರು. ನಾನು ಈ ಕೆಲಸಕ್ಕೆ ಸೇರಿದ ಹದಿನೇಳು ವರ್ಷಗಳಲ್ಲಿ ಹೀಗೆ ಆಗಿರಲಿಲ್ಲ. ಅವರು ಓಡಿ ಬರುವುದು ಸೀಸೆಗೆ. ನಾನು ಹಚ್ಚುತ್ತೇನೆ, ಆಮೇಲೆ ಸೂಜಿ. ಐವರೂ ಬದುಕಿದ್ದಾರೆ, ಯಾರ ದನಿಯೂ ಹೋಗಿಲ್ಲ.

ಬೆಟ್ಟದಲ್ಲಿ ಬೋನು ಇಡುವುದನ್ನೂ ನಿಲ್ಲಿಸಿದ್ದಾರೆ. ಮನೆಯ ಸೀಸೆಗಳು ಬೀದಿ ಇಲಿಯವಂತೆ, ಅವನ್ನು ಚೆಲ್ಲಿದರು. ನಿನ್ನ ಪ್ರಾಣಿಗಳಿಗೂ ಇದರಿಂದ ಒಳ್ಳೆಯದೇ ಆಯಿತು. ಇದೆಲ್ಲ ಹಾಗೆ ಹಚ್ಚುವ ನನ್ನ ಸುಳ್ಳಿನಿಂದ ಆಯಿತು ಎಂಬುದಕ್ಕೇ ನನಗೆ ಎಷ್ಟು ಸಿಟ್ಟು ಬರುತ್ತದೆಂದರೆ, ಒಮ್ಮೊಮ್ಮೆ ಬೀರುವಿನ ಬಾಗಿಲನ್ನು ಜೋರಾಗಿ ಬಡಿದು ಮುಚ್ಚುತ್ತೇನೆ. ಸೀಸೆ ಅಲುಗುತ್ತದೆ, ಒಡೆಯುವುದಿಲ್ಲ.

ಡಾಕ್ಟರು ಕಳೆದ ಶುಕ್ರವಾರ ಅದನ್ನು ನೋಡಿದರು. ಇದೇನು ಎಂದು ಕೇಳಿದರು. ನನ್ನ ತಮ್ಮ ವಿಜ್ಞಾನಿ, ಅವನದು ಎಂದೆ.

ಒಬ್ದೂಲಿಯಾ

ಇನ್ನೊಂದು ವಿಷಯ. ಹಚ್ಚಿ ಹಚ್ಚಿ ಬಾಕಾನೋರಾ ಅರ್ಧಕ್ಕೆ ಇಳಿದಿದೆ, ಇಲಿಯ ಬೆನ್ನು ಹೊರಗೆ ಕಾಣುತ್ತಿದೆ. ಹೀಗೇ ಬಿಟ್ಟರೆ ವಾರದಲ್ಲಿ ಕೊಳೆಯುತ್ತದೆ, ಎಲ್ಲ ತಾನಾಗಿಯೇ ಮುಗಿಯುತ್ತದೆ. ನಾನು ಏನೂ ಮಾಡಬೇಕಾಗಿಲ್ಲ. ತುಂಬಿಸಲೇ, ಚೆಮೋ?